ಮಾತು ಮುಗಿಯುವ ತನಕ

ಬೇಡ ಅಂದ್ರೆ ಬೇಡ ಬಿಡಿ ಸರ್, ಅದಕ್ಕೆ ಮುಖ ಯಾಕೆ ಆ ಕಡೆ ತಿರುಗಿಸ್ಕೋಬೇಕು? ಕಿತ್ತಳೆ ತೊಳೆ ಇಲ್ಲೇ ತಟ್ಟೆಯಲ್ಲಿ ಇಟ್ಟಿರ್ತೀನಿ. ಬೀಜ ತೆಗೆದಿದ್ದೀನಿ, ನಾರೂ ಬಿಡಿಸಿದ್ದೀನಿ. ಮನಸ್ಸಾದಾಗ ತಗೊಳ್ಳಿ… ಏನು ಹೇಳ್ತಿದ್ದೆ ನಾನು? ಹಾಂ, ಆ ಡಾಕ್ಟ್ರು! ಹುಡುಗ ಒಳ್ಳೆಯವನೇ, ದೇವರು ಚೆನ್ನಾಗಿಟ್ಟಿರ್ಲಿ. ಆದ್ರೆ ಅದೇನು ಅವಸರ ಸರ್! "ತಾತಾ, ನಿಮಗೆ ಎಲ್ಲಿರೋಕೆ ಇಷ್ಟ?" ಅಂತ ಕೇಳ್ದ. ಕೇಳಿದ ಬಾಯಿ ಮುಚ್ಚೋದ್ರೊಳಗೆ ಗೋಡೆ ಗಡಿಯಾರ ನೋಡ್ದ. "ಇವರಿಗೆ ಏನೂ ಅರ್ಥ ಆಗ್ತಿಲ್ಲ ಅನ್ಸುತ್ತೆ ಮೇಡಂ" ಅಂದ. ನಿಮ್ಮೆದುರಿಗೇ! ನಿಮ್ಮ ಮಂಚದ ಕಂಬಿ ಹಿಡ್ಕೊಂಡೇ!

ನಂಗೆ ಮೈಯೆಲ್ಲ ಉರಿದುಹೋಯ್ತು. "ನೋಡಪ್ಪಾ, ಇವರು ನನ್ನ ಗೈಡು. ನನ್ನ ಪಿಎಚ್‌ಡಿ ಇವರ ಕೈಕೆಳಗೇ ಆಗಿದ್ದು. ಪಾರ್ಶ್ವವಾಯು ಬಡಿದಿರೋದು ಬಲಗೈಗೆ, ನಾಲಿಗೆಗೆ. ಬುದ್ಧಿಗಲ್ಲ" ಅಂದೆ. ಅದಕ್ಕವನು ಏನಂದ ಗೊತ್ತಾ? "ಮುದುಕರ ಮಾತಿನ ಬಗ್ಗೆಯೇ ನೀವು ಪ್ರೊಫೆಸರ್ ಅಲ್ವಾ ಮೇಡಂ, ನೀವೇ ಕೇಳಿ ನೋಡಿ. ನಾನು ರೌಂಡ್ಸ್ ಮುಗಿಸಿ ಬರ್ತೀನಿ." ಹೋದ. ಈಗ ಬರ್ತಾನೆ. ಅಷ್ಟರಲ್ಲಿ ನೀವು ಒಂದು ಮಾತು ಹೇಳ್ಬೇಕು ಸರ್. ಎಲ್ಲಿರ್ತೀರಿ ಅಂತ. ನೀವೇ ಹೇಳಿದ್ರೆ ಹೇಳಿದ ಕಡೆಗೆ ಕಳಿಸ್ತಾರೆ. ಹೇಳ್ಲಿಲ್ಲ ಅಂದ್ರೆ ಅವರೇ ತೀರ್ಮಾನ ಮಾಡಿ ಊರಾಚೆ ಇರೋ ಆ ದೊಡ್ಡ ವೃದ್ಧಾಶ್ರಮಕ್ಕೆ ದಾಟಿಸ್ತಾರೆ. ನೋಡಿ ಬಂದಿದ್ದೀನಿ ಅದನ್ನ. ಒಂದೇ ಹಾಲ್, ಗೋಡೆಯುದ್ದಕ್ಕೂ ಮಂಚ, ಒಂದು ಟೀವಿ ಇಡೀ ದಿನ ಕಿರುಚ್ತಿರುತ್ತೆ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಬಾಡಿಗೆ ಮನೆಯನ್ನೂ ಬಿಟ್ಟಾಯ್ತು, ಅಂಥವರನ್ನ ಅಲ್ಲಿಗೇ ಹಾಕೋದಂತೆ. "ಇಲ್ಲೇ ಇರ್ತೀನಿ" ಅಂತ ಒಂದು ಮಾತು ಅಂದ್ಬಿಡಿ ಸರ್. ಈ ಆಸ್ಪತ್ರೆಯವರೇ ಇಟ್ಕೊಂಡು ನೋಡ್ಕೋತಾರೆ, ಈ ರೂಮಲ್ಲೇ ಇರಬಹುದು. ಇಲ್ಲೇ. ಎರಡೇ ಅಕ್ಷರ!

ಯಾಕೆ ನಗ್ತೀರಿ?

ನಕ್ರಿ. ಬಾಯಿಯ ಎಡತುದಿ ಮೇಲೆ ಹೋಯ್ತು, ನೋಡಿದೆ ನಾನು. ನನ್ನ ಕಣ್ಣಿಗೆ ಮಣ್ಣೆರಚೋಕೆ ಬರಬೇಡಿ.

ಆ ಹುಡುಗನಿಗೆ ಕಾರಿಡಾರಿನಲ್ಲಿ ನಮ್ಮ ಮಹಡಿ ಅಜ್ಜಿ ಕತೆ ಹೇಳೋಕೆ ಹೋದೆ. "ಆಮೇಲೆ ಕೇಳ್ತೀನಿ ಮೇಡಂ" ಅಂದ್ಬಿಟ್ಟ. ನೀವಾದ್ರೂ ಕೇಳಿ. ಗೊತ್ತು, ನಿಮಗೆ ಬಾಯಿಪಾಠ ಆಗಿದೆ. ಆದ್ರೂ ಕೇಳಿ.

ನಾನಿನ್ನೂ ಲಂಗದ ಹುಡುಗಿ. ಬೀದಿ ಮೂಲೆ ಅಂಗಡಿಯ ಮೇಲೆ ಆ ಅಜ್ಜಿ. ಥೇಟ್ ನಿಮ್ಮ ಹಾಗೇ, ಅರ್ಧ ಮೈ ಸ್ವಾಧೀನ ಇಲ್ಲ. ಅಮ್ಮ ದಿನಾ ಒಂದು ಲೋಟ ಹಾಲು ಕೊಟ್ಟು ಕಳಿಸೋರು. ಪಾಪ, ಬೀದಿಯವರೂ ಕೆಟ್ಟವರಲ್ಲ, ಯಾರಾದ್ರೂ ಹೋಗಿ ನೋಡಿ ಬರೋರು. ಹೋದವರಿಗೆಲ್ಲ ಅಜ್ಜಿ "ಕಿಟಕಿ…" ಅನ್ನೋದು. "ಚಳಿ ಅಲ್ವಾ ಅಜ್ಜಿ" ಅಂತ ಅವರು ಕಿಟಕಿ ಭದ್ರವಾಗಿ ಹಾಕಿ, ಒಳ್ಳೆ ಕೆಲಸ ಮಾಡಿದೆ ಅನ್ಕೊಂಡು ಇಳಿದು ಹೋಗೋರು. ನನಗೆ ಅಮ್ಮ ಪ್ರಾರ್ಥನೆಗೆ ಕೂರಿಸುವಾಗ ಒಂದು ಮಾತು ಹೇಳಿದ್ರು. ದೇವರು ನಿಧಾನಕ್ಕೆ ಉತ್ತರ ಕೊಡ್ತಾನೆ, ಕೇಳ್ಕೊಂಡ ಮೇಲೆ ದಡಕ್ಕನೆ ಎದ್ದು ಓಡಬಾರದು ಮಗಾ ಅಂತ. ಮಕ್ಕಳ ಬುದ್ಧಿ ನೋಡಿ! ಹಾಗಾದ್ರೆ ನಿಧಾನಕ್ಕೆ ಉತ್ತರ ಕೊಡೋರೆಲ್ಲ ದೇವರ ಕಡೆಯವರು ಅಂತ ನಾನು ತಿಳ್ಕೊಂಡೆ. ಈಗಲೂ ಹಾಗೇ ತಿಳ್ಕೊಂಡಿದ್ದೀನಿ ಅನ್ನಿ. ಅಜ್ಜಿ "ಕಿಟಕಿ…" ಅಂತು. ನಾನು ಮಂಚದ ಪಕ್ಕ ಕೂತೆ. ಸುಮ್ಮನೆ ಕೂತೆ. ಹಾಲು ಆರಿ ಕೆನೆ ಕಟ್ಟಿತು. ಆಮೇಲೆ ಬಂತು ಸರ್ ಉಳಿದ ಮಾತು. "…ತೆಗಿ ಮಗಾ. ಶಾಲೆ ಬಿಡೋ ಹೊತ್ತು."

ಮಕ್ಕಳ ಗಲಾಟೆ ಕೇಳಬೇಕಿತ್ತು ಅದಕ್ಕೆ. ಆ ಚಳಿಗಾಲವಿಡೀ ಎಲ್ಲರೂ ಸೇರಿ ಕಿಟಕಿ ಮುಚ್ಚಿದ್ರು.

ಪಿಎಚ್‌ಡಿ ಸಂದರ್ಶನದಲ್ಲಿ ಇದನ್ನೇ ಹೇಳಿದಾಗ ಆ ಕನ್ನಡಕದ ಪ್ರೊಫೆಸರ್ ಮುಸಿಮುಸಿ ನಕ್ರಲ್ಲ! "ಇದು ಕನಿಕರ ಕಣಮ್ಮ, ಸಂಶೋಧನೆಯ ವಿಷಯ ಅಲ್ಲ" ಅಂದ್ರಲ್ಲ! ನೀವೊಬ್ಬರೇ ನಗಲಿಲ್ಲ. "ಎಷ್ಟು ಹೊತ್ತು ಕಾದೆ?" ಅಂದ್ರಿ. "ಮಾತು ಮುಗಿಯೋ ತನಕ" ಅಂದೆ. "ಇದೇ ವಿಷಯ, ನಾಳೆಯಿಂದ ಬಾ" ಅಂದ್ರಿ. ಅಷ್ಟೇ. ನನ್ನ ಇಡೀ ನೌಕರಿ ಆ ಒಂದು ಮಾತಿನಿಂದ. ವಾರ್ಡು ವಾರ್ಡು ಸುತ್ತಿ ಮುದುಕರ ಮಾತು ರೆಕಾರ್ಡ್ ಮಾಡಿದ್ದು, ಪುಸ್ತಕ ಬರೆದಿದ್ದು, ಹುಡುಗರು ನನ್ನ ಬೆನ್ನ ಹಿಂದೆ "ಮೌನಮ್ಮ" ಅಂತ ಕರೆಯೋದು, ಎಲ್ಲ. ಕೇಳಿದ ಮೇಲೆ ನಾಲಿಗೆ ಬಿಗಿಹಿಡಿ. ಪ್ರಶ್ನೆಯೊಳಗೇ ಉತ್ತರ ತುರುಕಬೇಡ. ಈ ಎರಡನ್ನ ಕಲಿಸೋಕೆ ನೀವು ಮೇಜಿನ ಕೆಳಗೆ ನನ್ನ ಕಾಲು ತುಳಿದಿದ್ದು ಎಷ್ಟು ಸಲ! ನನ್ನ ಚಪ್ಪಲಿಗೆಲ್ಲ ಗೊತ್ತು.

ಅದಕ್ಕೇ ಸಿಟ್ಟು ಬರ್ತಿದೆ ಸರ್. ಬೇರೆಯವರಿಗೆಲ್ಲ ಮಾತು ತರಿಸಿದ್ದೀನಿ. ನಿಮ್ಮ ಹತ್ರ ಮೂರು ವಾರದಿಂದ ಓಡಾಡ್ತಿದ್ದೀನಿ, ಒಂದು "ಹೂಂ" ಇಲ್ಲ! ಹಟ ಮಾಡ್ತಿದ್ದೀರಾ? ಹೇಳಿ ಸರ್, ಇಲ್ಲೇ ಇರ್ತೀರಿ ತಾನೇ? ಇಲ್ಲಿ ಏನು ಕಡಿಮೆ? ಬಿಸಿಲು ಬರುತ್ತೆ. ನರ್ಸಮ್ಮ ಒಳ್ಳೆಯವಳು. ಪೇಪರ್ ಓದಿ ಹೇಳ್ತಾಳೆ. ರಾತ್ರಿ ಬೆಲ್ ಒತ್ತಿದ್ರೆ ಓಡಿ ಬರ್ತಾರೆ. ಮನೆಗಳಲ್ಲಿ ಇದೆಲ್ಲ ಎಲ್ಲಿ ಸಾಧ್ಯ ಸರ್? ನಮ್ಮನೆಯನ್ನೇ ತಗೊಳ್ಳಿ, ಮೂರನೇ ಮಹಡಿ, ಲಿಫ್ಟು ಕೆಟ್ಟು ಕೂತಿರುತ್ತೆ…

ಅಯ್ಯೋ, ನಮ್ಮನೆ ಮಾತು ಯಾಕೆ ಬಂತು ಈಗ! ಸುಮ್ಮನೆ ಹೇಳ್ದೆ. ಒಂದು ಉದಾಹರಣೆಗೆ.

ಹಾಗೆ ನೋಡಬೇಡಿ ಸರ್.

ಏನು, ಎಡಗೈ ಎತ್ತಿದ್ರಿ? ನೀರಾ? ಅಲ್ವಾ? ಹೊದಿಕೆ ಎಳೀಲಾ? ದಿಂಬು ಸರಿ ಮಾಡ್ಲಾ? ಡಾಕ್ಟ್ರನ್ನ ಕರೀಲಾ? ಇಲ್ಲೇ ಇರ್ತೀನಿ ಅಂತ ತಾನೇ ಸನ್ನೆ, ಹಾಗಂತ ಹೇಳಿಬಿಡ್ಲಾ ಅವನಿಗೆ?… ಇನ್ನೂ ಎತ್ತಿಕೊಂಡೇ ಇದ್ದೀರಲ್ಲ. ಅಂಗೈ ನನ್ನ ಕಡೆಗೆ…

ಇದು… ಇದು ಕ್ಲಾಸಿನ ಕೈ. ಯಾರಾದ್ರೂ ಅಡ್ಡ ಬಾಯಿ ಹಾಕಿದ್ರೆ ಎತ್ತುತ್ತಿದ್ರಿ. ಸಾಕು, ನಿಲ್ಲಿಸು, ಅಂತ.

ಸರಿ. ನಿಲ್ಲಿಸ್ದೆ.

…

…

ಸರ್, ನೀವು ಕಾಯ್ತಿದ್ದೀರಾ?

ಅಂದ್ರೆ… ಮಾತು ಬರ್ತಿಲ್ಲ ಅಂತ ಅಲ್ಲ. ನನ್ನ ಮಾತು ಮುಗೀಲಿ ಅಂತ. ಮೂರು ವಾರದಿಂದಲೂ? ಅಯ್ಯೋ ದೇವರೇ… ನಾನು ಬಂದಾಗಿನಿಂದ ಬಾಯಿ ಮುಚ್ಚೇ ಇಲ್ಲ. ಇಲ್ಲೇ ತಾನೇ, ಇಲ್ಲೇ ಅಲ್ವಾ… ಉತ್ತರ ತುರುಕಿ ತುರುಕಿ ಕೇಳ್ತಿದ್ದೀನಿ. ನಾನು!

ಬೇಡ ಸರ್, ಕೈ ಇಳಿಸಿ. ನೋಯುತ್ತೆ. ಹೇಳ್ತೀನಿ.

ನನಗೆ ಪದವಿ ಬಂದ ದಿನ ನೀವು ಒಂದು ಮಾತು ಅಂದಿದ್ರಿ. "ನಾನು ಮುದುಕನಾದಾಗ ನಿನ್ನ ಮನೆಗೇ ಬರ್ತೀನಿ ಕಣಮ್ಮ, ನನ್ನ ಮಾತು ಕಾಯೋಕೆ ಬೇರೆ ಯಾರಿದ್ದಾರೆ?" ನಾನು ನಕ್ಕು "ಧಾರಾಳವಾಗಿ ಬನ್ನಿ ಸರ್" ಅಂದಿದ್ದೆ. ನೀವು ತಮಾಷೆಗೆ ಅಂದ್ರೋ ಏನೋ. ನಾನು ಮಾತ್ರ ಮರೆತಿಲ್ಲ. ಎಲ್ಲಿ ಅದನ್ನೇ ಹೇಳಿಬಿಡ್ತೀರೋ ಅಂತ ಭಯ ಸರ್. ಆ ಡಾಕ್ಟ್ರ ಮುಂದೆ, ನಿಮ್ಮ ಬಾಯಿಂದ, "ಇವಳ ಮನೆಗೆ" ಅಂತ… ಅತ್ತೆಯವರು ಮಲಗಿದಲ್ಲೇ ಎಂಟು ವರ್ಷ ಇದ್ರು. ನಾನೇ ನೋಡ್ಕೊಂಡೆ. ಪ್ರೀತಿಯಿಂದಲೇ ನೋಡ್ಕೊಂಡೆ, ಅದು ಆ ದೇವರಿಗೆ ಗೊತ್ತು. ಅವರ ಮಂಚ ಬಿಚ್ಚಿ ಹೊರಗೆ ಹಾಕಿದ ದಿನ ಆ ಖಾಲಿ ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ನೆಲದ ಮೇಲೆ ಮಲಗಿ ನಿದ್ದೆ ಮಾಡಿದೆ ಸರ್. ಹಗಲು ಹೊತ್ತಲ್ಲಿ. ಸುಖವಾಗಿ. ಆ ಕೋಣೆ ಬಿಟ್ಟುಕೊಡೋಕೆ ಮನಸ್ಸು ಬರ್ತಿಲ್ಲ.

ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ದೀನಿ, ಮೇಷ್ಟ್ರಿಗೆ ಮಾತು ಬರ್ಲಿ ಅಂತ ದಿನಾ ಪ್ರಾರ್ಥನೆ ಮಾಡ್ತೀನಿ ಅಂತ. ಇವತ್ತು ಬೆಳಿಗ್ಗೆ ಕಣ್ಣುಮುಚ್ಚಿ ಕೂತು ಏನು ಕೇಳ್ಕೊಂಡೆ ಗೊತ್ತಾ? ಇನ್ನೊಂದು ದಿನ ಮಾತು ಬರದಿದ್ರೂ ಪರವಾಗಿಲ್ಲ ಅಂತ ಕೇಳ್ಕೊಂಡೆ.

ಅಳಬೇಡಿ ಸರ್. ಇಲ್ಲ, ನೀವಲ್ಲ, ನಾನೇ… ತಾಳಿ, ಕಣ್ಣು ಒರೆಸ್ಕೋತೀನಿ. ಈಗ ಕೇಳ್ತೀನಿ. ಎಲ್ಲಿರ್ತೀರಿ ಸರ್? ಏನು ಹೇಳಿದ್ರೂ ಕೇಳಿಸ್ಕೋತೀನಿ. ಕಾಯ್ತೀನಿ.

…

ಯಾರದು? ಬನ್ನಿ ಡಾಕ್ಟ್ರೇ. ಇಲ್ಲ, ಇನ್ನೂ ಆಗಿಲ್ಲ. ಇವರಿಗೆ ಎಲ್ಲ ಅರ್ಥ ಆಗುತ್ತೆ ಅಂತ ಬರ್ಕೊಳ್ಳಿ, ಅದಕ್ಕೆ ನಾನು ಜವಾಬ್ದಾರಿ. ಬೇಕಿದ್ರೆ ಆ ಸ್ಟೂಲ್ ಎಳ್ಕೊಂಡು ಕೂತ್ಕೊಳ್ಳಿ, ಗಡಿಯಾರ ಮಾತ್ರ ನೋಡಬೇಡಿ. ಇವರದ್ದೇನೂ ತಡ ಇಲ್ಲಪ್ಪಾ. ಇಷ್ಟು ದಿನ ತಡ ಮಾಡಿದ್ದು ನಾನು.