ಯಾರೂ ಕೊಳ್ಳದ ಮನೆ

ಇಳಕಲ್ಲಿನಲ್ಲಿ ಯಾರೂ ಕೊಳ್ಳದ ಒಂದು ಮನೆಯಿತ್ತಂತೆ. ಅದನ್ನು ಮಾರಿದವರಿಗೇ ಏಜೆಂಟ್ ಪಟ್ಟವಂತೆ. ಇದು ಅಜ್ಜಿ ಹೇಳಿದ ಕಥೆಯಲ್ಲ. ಹುನಗುಂದದ ನೋಂದಣಿ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಕೂತವರ ಮಾತು. ಒಬ್ಬರು ಹಳೆಯ ಏಜೆಂಟ್ ಸೋಮಲಿಂಗಪ್ಪ, ಇನ್ನೊಬ್ಬಳು ಅವರ ಬಳಿ ಕೆಲಸ ಕಲಿಯುವ ಅನುರಾಧಾ.

“ನನಗ ಏಜೆಂಟ್ ಅಂತ ಸರಕಾರದ ಸರ್ಟಿಫಿಕೇಟ್ ಬಂತರಿ, ಕಾಕಾ.”

“ಅದು ಸರಕಾರದ್ದವಾ, ನನ್ನ ಪರೀಕ್ಷಾ ಬ್ಯಾರೆ. ಈ ಮನಿ ಮಾರಿದ್ರ ನಮ್ಮ ಆಫೀಸಿನ ಬೋರ್ಡಿನ ಮ್ಯಾಲೆ ನನ್ನ ಹೆಸರಿನ ಕೆಳಗ ನಿನ್ನ ಹೆಸರು. ಎರಡೂ ಬಾಜೂ ಪವರ್‌ಲೂಮ್! ಆರು ವರ್ಷ ನನ್ನ ಕೈಲೆ ಆಗಿಲ್ಲ.”

“ಇವತ್ತ ರಿಜಿಸ್ಟರ್ ಆಗತೈತಲ್ರಿ.”

“ಮನಿ ಕೊಳ್ಳೂ ದುರ್ಗವ್ವಗ ನೀ ಅಮಾಸಿ ದಿನ ತೋರಿಸಿರಬೇಕು. ಮಗ್ಗ ಬಂದ್ ಇರ್ತಾವ. ನಾ ಹಂಗ ಮಾಡ್ತಿದ್ದೆ.”

“ಅದಕ್ಕ ಗಿರಾಕಿ ಎರಡನೇ ಸಲ ಬಂದು ಓಡಿಹೋಗ್ತಿದ್ರು. ನಾ ಮಗ್ಗ ನಡದಾಗ ಕರ್ಕೊಂಡು ಹೋದ್ನಿರಿ. ಮೊದಲ ಸಪ್ಪಳ ಕೇಳ್ರಿ, ಆಮ್ಯಾಲೆ ಮನಿ ನೋಡ್ರಿ ಅಂದ್ನಿ.”

“ಹುಚ್ಚಿ! ಏನಂದ್ಳು?”

“ಗ್ವಾಡಿಗೆ ಒರಗಿ ಕುಂತಲ್ಲೇ ನಿದ್ದಿ ಹೋದ್ರು.”

“ಆಂ?”

“ನಲವತ್ತು ವರ್ಷ ನೇಯ್ದಾಕಿ, ಕಾಕಾ. ಮಗಳ ಜೋಡಿ ಇರಾಕ ವಿದ್ಯಾಗಿರಿ ಬಡಾವಣಿಗೆ ಹೋದಾಗಿಂದ, ಮಗ್ಗದ ಸಪ್ಪಳಿಲ್ದ ಕಣ್ಣ ಹತ್ತಿಲ್ಲಂತ.”

ಒಳಗಿನಿಂದ ದುರ್ಗವ್ವನ ಹೆಸರು ಕೂಗಿದರು. ಬಾಗಿಲ ಬಳಿ ಕೂತಿದ್ದ ಅಜ್ಜಿ ಎದ್ದು ಒಳಹೋಗಿ, ಹೆಬ್ಬೆಟ್ಟೊತ್ತಿ ಹೊರಬಂದಳು.

“ಕೀಲಿ ಕೊಡವಾ, ಮಲಗಬೇಕು” ಎಂದು ಅನುರಾಧಾಳ ಮುಂದೆ ಕೈ ಚಾಚಿದಳು.

ಸೋಮಲಿಂಗಪ್ಪ ಟೋಪಿ ಸರಿಮಾಡಿಕೊಂಡು ಎದ್ದರು.

“ನಡಿ, ಪೇಂಟರ್ ಕಡೆ ಹೋಗೂಣು. ಮ್ಯಾಲೆ ನಿನ್ನ ಹೆಸರ ಇರ್ಲಿ, ಕೆಳಗ ನಂದು.”

ಮೂವರೂ ಮೆಟ್ಟಿಲಿಳಿದು ಹೋದರು.