ಅರಸನ ತಾಯಿ

ಉಮರ್ಗಾದಾಗ ನಿಜಾಮ ಸರಕಾರದ ಮೋಟಾರಿಗೆ ಕಾಯುತ್ತ ಕೂತಿದ್ದ ಶಿವಗಂಗಾಬಾಯಿಗೆ, ಪಕ್ಕದ ಮುದುಕಿ ಮಗನ ಜೋಡಿ ಆಡೋ ಮಾತು ಕಿವಿಗೆ ಬಿತ್ತು.

"ಮನ್ಮಥಾ, ಶಾಸನ ಓದಿ ಬಂದಿ. ಶರಣರನ್ನ ಕೊಲ್ಲಿಸಿದ ಆ ಕಲ್ಯಾಣದ ಅರಸ ಖರೇನೇ ಕೆಟ್ಟಂವ ಇದ್ದನೇನು?"

"ಕಲ್ಲಿನಾಗ ಅದಿಲ್ಲವ್ವಾ. ತೀರಿಹೋದ ತಾಯಿ ಹೆಸರಲೆ ಗುಡಿಗೆ ನಂದಾದೀಪ ಹಚ್ಚಿಸ್ಯಾನ, ಅಷ್ಟೇ ಅದ."



"ಅಂವಗ ಶಾಪ ಹಾಕಕೋತನೇ ಬೆಳದೀನಿ. ಅಂವಗೂ ಒಬ್ಬಾಕಿ ತಾಯಿ ಇದ್ದಳಂತ ಅನಿಸೇ ಇದ್ದಿಲ್ಲ ನೋಡು."

"ಶಾಪ ತಪ್ಪಂತೀಯೇನವ್ವಾ?"

"ಹಂಗಲ್ಲೋ. ಕಡೀಕ ಅಂವನ್ನೂ ಕೊಂದರಲ್ಲ, ಆಗ ಆಕಿ ಇದ್ದಿಲ್ಲಲ್ಲ?"

"ಇದ್ದಿಲ್ಲ. ಮೊದಲೇ ಹೋಗಿದ್ಳು."

"ಛಲೋ ಆತು ತಗೋ. ಮಗನ ಹೆಣ ನೋಡೂದು ತಪ್ತು."

ಉದಗೀರದ ಮೋಟಾರು ಬಂತು. ಮಗ ತಾಯಿಯ ಎರಡೂ ಕೈ ಹಿಡಿದು ಮೆಲ್ಲಗೆ ಹತ್ತಿಸಿದ.