ಬರೆಸದೆ ಬಿಟ್ಟ ಮೂವತ್ತನಾಲ್ಕು ನಿಮಿಷ

ನಿನ್ನೆ ಇದೇ ಠಾಣೆಯಲ್ಲಿ ದೂರು ಕೊಟ್ಟು ಹೆಸರು ಬರೆಸಿದ್ದವನೇ ನಾನು. ವಯಸ್ಸು 53 ವರ್ಷ, ಅವಿವಾಹಿತ, ಉದ್ಯೋಗ ಬಸ್ ಡಿಪೋದಲ್ಲಿ ಟೈಂ ಕೀಪರ್, ವಾಸ ಡಿಪೋ ನೌಕರರ ವಸತಿಗೃಹ, ಎರಡನೇ ಮಹಡಿ, ಮನೆ ಸಂಖ್ಯೆ 14. ಸದ್ಯ ನನ್ನ ತಂಗಿಯ ಇಬ್ಬರು ಹೆಣ್ಣುಮಕ್ಕಳನ್ನು ರಜೆಗೆ ನಗರ ತೋರಿಸಲು ಕರೆತಂದು, ರೈಲು ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಇಳಿದುಕೊಂಡಿದ್ದೇನೆ. ಈ ದಿನ ಬೆಳಿಗ್ಗೆ 9 ಗಂಟೆ 25 ನಿಮಿಷಕ್ಕೆ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆಯ ದೂರಿನಲ್ಲಿ ನಾನು ಸುಳ್ಳು ಬರೆಸಿದ್ದೇನೆ. ಆ ಸುಳ್ಳಿನಿಂದಾಗಿ ತಪ್ಪೇ ಮಾಡದ ಒಬ್ಬ ಮನುಷ್ಯ ಆಸ್ಪತ್ರೆಯ ಮಂಚದ ಮೇಲೆ ಪೇದೆಯ ಕಾವಲಿನಲ್ಲಿ ಮಲಗಿದ್ದಾರೆ. ದೂರಿನಲ್ಲಿ ಅವರನ್ನು 'ಅವನು' ಎಂದು ಬರೆಸಿದ್ದೆ. ಈ ಹೇಳಿಕೆಯಲ್ಲಿ 'ಅವರು' ಎಂದೇ ಬರೆದುಕೊಳ್ಳಬೇಕೆಂದು ರೈಟರ್ ಸಾಹೇಬರನ್ನು ಕೇಳಿಕೊಂಡಿದ್ದೇನೆ.

ಡಿಪೋದಿಂದ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಬಂತು ಎಂದು ಬರೆಯುವುದು ನನ್ನ ಕೆಲಸ. ಇಪ್ಪತ್ತಾರು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ಡ್ರೈವರುಗಳು ನನ್ನನ್ನು ಬೆನ್ನ ಹಿಂದೆ ಗಡಿಯಾರಪ್ಪ ಎನ್ನುತ್ತಾರೆ. ನನಗೆ ಅದು ಗೊತ್ತಿದೆ, ಬೇಸರವೂ ಇಲ್ಲ. ಎರಡು ನಿಮಿಷ ಹಿಂದುಮುಂದು ಮಾಡಿ ಬರೆದುಕೊಳ್ಳಿ ಎಂದು ಕಾಡಿ ಬೇಡಿದವರಿದ್ದಾರೆ, ಕಣ್ಣು ಕೆಂಪಗೆ ಮಾಡಿದವರಿದ್ದಾರೆ. ಒಂದು ಬಸ್ಸಿನ ವೇಳೆಯನ್ನೂ ನಾನು ಇದುವರೆಗೆ ತಿದ್ದಿಲ್ಲ. ರೈಟರ್ ಸಾಹೇಬರು ಇದೆಲ್ಲ ಬೇಡ, ಘಟನೆ ಹೇಳಿ ಎಂದರು. ಇದು ಘಟನೆಗೆ ಸೇರಿದ್ದೇ, ದಯವಿಟ್ಟು ಬರೆದುಕೊಳ್ಳಿ ಎಂದೆ.

ತಂಗಿಗೆ ಹೊಲಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ, ರಜೆ ಸಿಗಲಿಲ್ಲ. ಮಕ್ಕಳಿಗೆ ನಗರ ತೋರಿಸುವ ಹೊಣೆಯನ್ನು ನಾನೇ ಹೊತ್ತುಕೊಂಡೆ. ದೊಡ್ಡವಳಿಗೆ ಏಳು ವರ್ಷ. ಚಿಕ್ಕವಳಿಗೆ ನಾಲ್ಕು ವರ್ಷ ಎಂಟು ತಿಂಗಳು. ಕಂಡಿದ್ದಕ್ಕೆಲ್ಲ ನಿಂತುಬಿಡುವ ಸ್ವಭಾವದಿಂದ ಮನೆಯಲ್ಲಿ ಅವಳನ್ನು ಬಸವನಹುಳು ಎಂದು ಕರೆಯುತ್ತೇವೆ. ಮೊನ್ನೆ ಬಸ್ಸು ಹತ್ತಿಸುವಾಗ ತಂಗಿ ಕಿಟಕಿಯ ಹತ್ತಿರ ಬಂದು, "ಅಣ್ಣ, ಚಿಕ್ಕದು ಎಲ್ಲೆಂದ್ರಲ್ಲಿ ನಿಂತ್ಕೊಂಡ್ಬಿಡತ್ತೆ. ಎಳೀಬೇಡ. ಸ್ವಲ್ಪ ಹೊತ್ತು ನೀನೂ ಜೊತೇಲಿ ನಿಂತ್ಕೋ, ಆಮೇಲೆ ಅದಾಗೇ ಬರತ್ತೆ" ಎಂದು ಹೇಳಿದ್ದಳು. ಆಯ್ತು ಆಯ್ತು ಎಂದೆ. ಆ ಮಾತು ನನ್ನ ತಲೆಯೊಳಗೆ ಇಳಿದಿರಲಿಲ್ಲ. ಬಸ್ಸು ಮೂರು ನಿಮಿಷ ತಡವಾಗಿ ಹೊರಡುತ್ತಿದೆಯಲ್ಲ ಎಂದು ನಾನು ಯೋಚಿಸುತ್ತಿದ್ದೆ.

ಮೂರು ದಿನದ ಸುತ್ತಾಟಕ್ಕೆ ಒಂದು ವೇಳಾಪಟ್ಟಿ ಮಾಡಿ, ರಟ್ಟಿಗೆ ಅಂಟಿಸಿ, ಪ್ಲಾಸ್ಟಿಕ್ ಹಾಕಿಸಿ ತಂದಿದ್ದೆ. ಉದ್ಯಾನದ ಪಕ್ಷಿಗಳು 9:00, ಗಡಿಯಾರ ಗೋಪುರ 10:00, ಅಕ್ವೇರಿಯಂ 10:50, ಕನ್ನಡಿ ಮನೆ 11:50, ಪುಟಾಣಿ ರೈಲು 12:15, ಊಟ 12:50. ಮಕ್ಕಳು ಮೂತ್ರಕ್ಕೆ ಹೋಗಲು ಎರಡು ಕಡೆ ಆರಾರು ನಿಮಿಷ ಇಟ್ಟಿದ್ದೆ. ಚಿಕ್ಕವಳು ಹೆಜ್ಜೆಗೊಂದು ಪ್ರಶ್ನೆ ಕೇಳುತ್ತಾಳೆಂದು ಪ್ರಶ್ನೆಗಳಿಗೂ ಒಂದು ಸಾಲು ಇಟ್ಟಿದ್ದೆ: ಊಟದ ಹೊತ್ತಿನಲ್ಲಿ, 1:10ರಿಂದ 1:20. ಅದಕ್ಕೆ ಮೊದಲು ಯಾರೂ ಏನನ್ನೂ ಕೇಳುವಂತಿಲ್ಲ. ರಾತ್ರಿ ಮಲಗುವ ಮುಂಚೆ ಪಟ್ಟಿಯನ್ನು ಇಬ್ಬರಿಂದಲೂ ಬಾಯಿಪಾಠ ಒಪ್ಪಿಸಿಕೊಂಡೆ. ಚಿಕ್ಕವಳು ಒಂದೂ ತಪ್ಪಿಲ್ಲದೆ ಒಪ್ಪಿಸಿದಾಗ ನಾನು ಹಿರಿಹಿರಿ ಹಿಗ್ಗಿದೆ.

ನಿನ್ನೆ ಬೆಳಿಗ್ಗೆ 8 ಗಂಟೆ 52 ನಿಮಿಷಕ್ಕೆ ಉದ್ಯಾನದ ಗೇಟಿನ ಬಳಿ ಗಾಡಿಯವನಿಂದ ಎರಡು ಹಳದಿ ಟೋಪಿ ಕೊಂಡು ಇಬ್ಬರಿಗೂ ಹಾಕಿದೆ. ಗುಂಪಿನಲ್ಲಿ ಸುಲಭವಾಗಿ ಕಾಣಲಿ ಎಂಬುದು ನನ್ನ ಉದ್ದೇಶವಾಗಿತ್ತು.

ಅಕ್ವೇರಿಯಂಗೆ 10:50ಕ್ಕೆ ಸರಿಯಾಗಿ ಹೊಕ್ಕೆವು. ಅಲ್ಲಿ ಒಂದು ಕೋಣೆಯಷ್ಟು ದೊಡ್ಡ ಗಾಜಿನ ತೊಟ್ಟಿ ಇದೆ. ಕಪ್ಪು ರಬ್ಬರ್ ಉಡುಪು ತೊಟ್ಟು, ಬಾಯಿಗೆ ಗಾಳಿಯ ಕೊಳವೆ ಕಚ್ಚಿಕೊಂಡು ಒಬ್ಬರು ನೀರಿನೊಳಗೆ ಇಳಿದು ಗಾಜಿಗೆ ಅಂಟಿದ ಪಾಚಿ ಒರೆಸುತ್ತಿದ್ದರು. ಚಿಕ್ಕವಳು ಗಾಜಿನ ಮೇಲೆ ಅಂಗೈ ಇಟ್ಟಳು. ಅವರು ಒಳಗಿನಿಂದ ಅದೇ ಜಾಗದಲ್ಲಿ ತಮ್ಮ ಅಂಗೈ ಇಟ್ಟರು. ಆಮೇಲೆ ಪಾಚಿಯ ಮೇಲೆ ಬೆರಳಿನಿಂದ ಎರಡು ಕಣ್ಣು, ಒಂದು ಬಾಯಿ ಬರೆದು, ಅದನ್ನು ಒರೆಸಿಬಿಟ್ಟರು. ಚಿಕ್ಕವಳು ನೆಲಕ್ಕೆ ಕಾಲು ಬಡಿಯುತ್ತ ನಕ್ಕಳು. ಮೂರು ದಿನದ ರಜೆಯಲ್ಲಿ ಅವಳು ಹಾಗೆ ನಕ್ಕಿದ್ದು ಅದೊಂದೇ ಸಲ. ಆಗ ನಾನು ಕೈಗಡಿಯಾರ ನೋಡಿದೆ. 11 ಗಂಟೆ 40 ನಿಮಿಷವಾಗಿತ್ತು.

ನಾನು ನಡೀರಿ ಎಂದಾಗ ಚಿಕ್ಕವಳು, "ಮಾವ, ಆ ಮಾಮ ಆಚೆ ಹೇಗೆ ಬರ್ತಾರೆ? ಬಾಗಿಲೇ ಇಲ್ವಲ್ಲ?" ಎಂದು ಕೇಳಿದಳು. ಅವರ ಪಾಡಿಗೆ ಅವರು ಬರುತ್ತಾರೆ, ಪ್ರಶ್ನೆಯೆಲ್ಲ ಊಟದ ಹೊತ್ತಿನಲ್ಲಿ ಎಂದು ಗದರಿದೆ. ಅವರು ಹೊರಗೆ ಬರುವವರೆಗೆ ಇರೋಣ ಎಂದು ಎರಡು ಸಲ ಬೇಡಿಕೊಂಡಳು. ಅಕ್ಕನ ಕೈ ಹಿಡಿದುಕೊಂಡು ಹಿಂದೆ ಬಾ ಎಂದು ಹೇಳಿ 11 ಗಂಟೆ 42 ನಿಮಿಷಕ್ಕೆ ನಾನು ಬಾಗಿಲು ದಾಟಿದೆ. ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಮುಂದೆ ಮುಂದೆ ನಡೆದೆ. ಚಿಕ್ಕವಳು ಅಲ್ಲಿಯೇ ಕೈ ಬಿಡಿಸಿಕೊಂಡು ಗಾಜಿನ ಬಳಿಗೆ ಹಿಂದಿರುಗಿದ್ದಾಳೆ. ದೊಡ್ಡವಳು ಓಡಿ ಬಂದು, "ಮಾವ, ಅವಳು..." ಎಂದಳು. ನಾನು ತಿರುಗಿಯೂ ನೋಡದೆ, "1:10ಕ್ಕೆ ಹೇಳು" ಎಂದೆ. ಅವಳು ಹೇಳಿದ ಮಾತು ಕೇಳುವ ಮಗು. ಸುಮ್ಮನಾದಳು.

ಕನ್ನಡಿ ಮನೆಯ ಸಾಲಿನಲ್ಲಿ ಯಾವುದೋ ರಜಾ ಶಿಬಿರದ ಇಪ್ಪತ್ತು ಇಪ್ಪತ್ತೈದು ಮಕ್ಕಳು ನಿಂತಿದ್ದರು. ಅವರ ತಲೆಯ ಮೇಲೂ ಅದೇ ಗಾಡಿಯ ಹಳದಿ ಟೋಪಿ. ನಾನು ಹಿಂದಿರುಗಿ ನೋಡಿ, ಹತ್ತಿರವಿದ್ದ ಎರಡು ಟೋಪಿ ಎಣಿಸಿ, ಸರಿ ಎಂದು ಮುಂದೆ ಹೋದೆ. ಒಳಗೆ ಎಲ್ಲಿ ನೋಡಿದರೂ ಹಳದಿ ಟೋಪಿಗಳೇ ಕಾಣುತ್ತಿದ್ದವು. ನಾನು ಟೋಪಿ ಎಣಿಸಿದೆನೇ ಹೊರತು ಮಕ್ಕಳ ಮುಖ ನೋಡಲಿಲ್ಲ.

12 ಗಂಟೆ 14 ನಿಮಿಷಕ್ಕೆ ಪುಟಾಣಿ ರೈಲಿನ ಕೌಂಟರಿನಲ್ಲಿ ದೊಡ್ಡವರದು ಒಂದು, ಮಕ್ಕಳದು ಎರಡು ಟಿಕೆಟ್ ಕೇಳಿದೆ. ಟಿಕೆಟ್ ಕೊಡುವ ಹೆಂಗಸು ಬಗ್ಗಿ ನೋಡಿ ಇನ್ನೊಂದು ಮಗು ಎಲ್ಲಿ ಎಂದರು. ತಿರುಗಿದೆ. ದೊಡ್ಡವಳೊಬ್ಬಳೇ ನಿಂತಿದ್ದಳು. ತಂಗಿಯ ಮುಖ ಕಣ್ಣ ಮುಂದೆ ನಿಂತಿತು.

12 ಗಂಟೆ 16 ನಿಮಿಷಕ್ಕೆ, ಸುಮಾರು ನಲವತ್ತು ಮೀಟರ್ ದೂರದಲ್ಲಿ, ಸಾದಾ ಅಂಗಿ ತೊಟ್ಟ, ತಲೆಗೂದಲು ಒದ್ದೆಯಾಗಿದ್ದ ಒಬ್ಬ ಗಂಡಸು ಚಿಕ್ಕವಳ ಕೈ ಹಿಡಿದು ನಡೆದು ಬರುತ್ತಿರುವುದು ಕಂಡಿತು. ನನ್ನ ಕಡೆಗೇ ಬರುತ್ತಿದ್ದರು. ಅವಳ ಟೋಪಿ ಅವರ ಕೈಯಲ್ಲಿತ್ತು, ಅವರ ನೀರಿನ ಕನ್ನಡಕ ಅವಳ ಹಣೆಯ ಮೇಲಿತ್ತು. ಮಗು ಅಳುತ್ತಿತ್ತು ಎಂದು ನಾನು ದೂರಿನಲ್ಲಿ ಬರೆಸಿದ್ದು ಸುಳ್ಳು. ಅವಳು ನಗುತ್ತ ಏನೋ ಹೇಳುತ್ತಿದ್ದಳು. ಅದು ನನಗೆ ಸ್ಪಷ್ಟವಾಗಿ ಕಂಡಿತ್ತು. ಕಂಡೂ ನಾನು, "ಹಿಡೀರಿ, ಮಕ್ಕಳ ಕಳ್ಳ!" ಎಂದು ಕೂಗಿದೆ.

ಓಡಿ ಹೋಗಿ ಅವರ ಎಡಗಿವಿಯ ಮೇಲೆ ಬೀಸಿ ಹೊಡೆದೆ. ಸಾರ್ವಜನಿಕರು ಹೊಡೆದರು, ನಾನು ಬಿಡಿಸಿದೆ ಎಂದು ಬರೆಸಿದ್ದೂ ಸುಳ್ಳು. ಮೊದಲ ಏಟು ನನ್ನದು. ಉಳಿದ ಎಂಟು ಹತ್ತು ಜನ ಆಮೇಲೆ ಕೈಹಾಕಿದರು. ಏಟು ತಿನ್ನುತ್ತಿದ್ದರೂ ಅವರು ತಿರುಗಿ ಕೈ ಎತ್ತಲಿಲ್ಲ. ಗಲಾಟೆಯಲ್ಲಿ ಮಗು ತುಳಿತಕ್ಕೆ ಸಿಕ್ಕೀತೆಂದು ಅವಳನ್ನು ಬೇಲಿಯ ಕಡೆಗೆ ತಳ್ಳಿದರು. ಅವಳು ಅತ್ತಿದ್ದು ಆಗಲೇ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಮಗು ಎಷ್ಟು ಹೊತ್ತಿನಿಂದ ಕಾಣೆಯಾಗಿತ್ತು ಎಂದು ಕೇಳಿದರು. ಮೂವತ್ತನಾಲ್ಕು ನಿಮಿಷ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಗಡಿಯಾರಪ್ಪ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮಗುವಿನ ಕಡೆ ತಿರುಗಿ ನೋಡಲಿಲ್ಲ ಎಂದು ತಂಗಿಗೆ ಯಾವ ಮುಖದಲ್ಲಿ ಹೇಳಲಿ? 12:15ಕ್ಕೆ ಕೌಂಟರಿನ ಬಳಿ ನನ್ನ ಕೈಯಿಂದಲೇ ಕಿತ್ತುಕೊಂಡ ಎಂದುಬಿಟ್ಟೆ. ಅವರು ಅಕ್ವೇರಿಯಂ ನೌಕರರೆಂದು ಮಧ್ಯಾಹ್ನವೇ ತಿಳಿದುಬಂತು. ಆದರೂ ಕೈಯಿಂದ ಕಿತ್ತುಕೊಂಡ ಎಂಬ ನನ್ನ ಮಾತು ಕಾಗದದ ಮೇಲಿದ್ದುದರಿಂದ ಪ್ರಕರಣ ಹಾಗೆಯೇ ಉಳಿಯಿತು. ನಾನು ವೇಳೆ ತಿದ್ದಿದ್ದು ಇದೇ ಮೊದಲು.

ನಿನ್ನೆ ಮಧ್ಯಾಹ್ನ ನಮಗೆ ಊಟವಾಗಲಿಲ್ಲ. ಸಂಜೆ 6 ಗಂಟೆ 40 ನಿಮಿಷಕ್ಕೆ ಲಾಡ್ಜಿನ ಕೋಣೆಯಲ್ಲಿ ಮಕ್ಕಳಿಗೆ ಬ್ರೆಡ್ಡು, ಬಾಳೆಹಣ್ಣು ಕೊಟ್ಟೆ. ದೊಡ್ಡವಳು ತುತ್ತು ಕೈಯಲ್ಲೇ ಹಿಡಿದು, "ಮಾವ, ಇದು ಊಟದ ಟೈಮಾ? ಈಗ ಹೇಳ್ಬಹುದಾ?" ಎಂದು ಕೇಳಿದಳು. ಹೇಳು ಎಂದೆ. ಅವಳು ಮೀನಿನ ಹತ್ತಿರವೇ ನಿಂತುಬಿಟ್ಟಳು ಎಂದು ಆಗಲೇ ಹೇಳಲು ಬಂದಿದ್ದೆ ಎಂದಳು. ಚಿಕ್ಕವಳು ನನ್ನ ಕಡೆ ನೋಡದೆ, "ನೀರು ಮಾಮಂಗೆ ಯಾಕೆ ಹೊಡೆದೆ?" ಎಂದಳು. ಅವಳು ಕೇಳಿದ್ದು ಅದೊಂದೇ ಪ್ರಶ್ನೆ. ಆ ಕೂಡಲೇ ನಾನು ಠಾಣೆಗೆ ಬರಬೇಕಿತ್ತು. ಬರಲಿಲ್ಲ. 7 ಗಂಟೆ 15 ನಿಮಿಷಕ್ಕೆ ತಂಗಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಬೈಯಲಿಲ್ಲ. "ನಿಂತ್ಕೋ ಅಂದಿದ್ನಲ್ಲ ಅಣ್ಣ" ಎಂದಷ್ಟೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಈ ದಿನ ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ಆಸ್ಪತ್ರೆಗೆ ಹೋದೆ. ಮಕ್ಕಳನ್ನು ಕಣ್ಣಿಗೆ ಕಾಣುವಂತೆ ಮೊಗಸಾಲೆಯ ಬೆಂಚಿನ ಮೇಲೆ ಕೂರಿಸಿದೆ. ಕಾವಲಿನ ಪೇದೆಯವರು ಐದು ನಿಮಿಷ ಬಿಟ್ಟರು. ಮಂಚದ ಮೇಲಿದ್ದವರಿಗೆ ಸುಮಾರು ಮೂವತ್ತು ವರ್ಷ. ಎಡಗಿವಿಗೆ ಹತ್ತಿ, ಪಟ್ಟಿ. ನಾನು ಕ್ಷಮಿಸಿ ಎಂದಾಗ ಅವರು ತಲೆ ಹೊರಳಿಸಿ, "ಈ ಕಿವೀಲಿ ಹೇಳಿ, ಆ ಕಡೆ ಕೇಳಿಸ್ತಿಲ್ಲ" ಎಂದರು. ಇನ್ನೊಂದು ಸಲ ಹೇಳಿದೆ. ಮೊದಲ ಸಲಕ್ಕಿಂತ ಎರಡನೇ ಸಲ ಹೇಳುವುದು ಕಷ್ಟವಾಯಿತು.

ಅವರು ತಿಳಿಸಿದ್ದೇನೆಂದರೆ, ತೊಟ್ಟಿಯ ಹಿಂದೆ ಒಂದು ಕಬ್ಬಿಣದ ಏಣಿ ಇದೆ, ಅದನ್ನು ಹತ್ತಿ 11:55ಕ್ಕೆ ಹೊರಬಂದು ಬಟ್ಟೆ ಬದಲಿಸಿದ್ದಾರೆ. ಗಾಜು ಶುಚಿಯಾಗಿದೆಯೇ ಎಂದು ನೋಡಲು ಮುಂದಕ್ಕೆ ಬಂದಾಗ ಮಗು ಗಾಜಿಗೆ ಹಣೆ ಒತ್ತಿ ಒಂಟಿಯಾಗಿ ನಿಂತಿತ್ತು. ಯಾರ ಜೊತೆ ಬಂದೆ ಎಂದು ಕೇಳಿದ್ದಕ್ಕೆ, "ಮಾವನ ಜೊತೆ. ಮಾವ ಹನ್ನೆರಡೂ ಕಾಲಿಗೆ ರೈಲಿನ ಹತ್ರ ಇರ್ತಾನೆ" ಎಂದಳಂತೆ. ನೀವು ಹೇಗೆ ಆಚೆ ಬಂದಿರಿ ಎಂದೂ ಕೇಳಿದಳಂತೆ. ಏಣಿ ಇದೆ, ತೋರಿಸುತ್ತೇನೆ, ಆದರೆ ಮೊದಲು ನಿಮ್ಮ ಮಾವನನ್ನು ಕೇಳೋಣ, ಅವರು ಹೂಂ ಅನ್ನಬೇಕು ಎಂದು ಹೇಳಿ, ಅಲ್ಲಿಂದ ರೈಲಿನವರೆಗೆ ಕೈ ಹಿಡಿದು ಕರೆತಂದಿದ್ದಾರೆ. ನನ್ನ ಅಪ್ಪಣೆ ಕೇಳುವುದಕ್ಕೇ ಅವರು ಬರುತ್ತಿದ್ದರು.

ಎಡಗಿವಿಯ ತಮಟೆ ಹರಿದಿದೆ, ಆರು ತಿಂಗಳು ನೀರಿಗೆ ಇಳಿಯುವಂತಿಲ್ಲ, ಆಮೇಲೂ ಇಳಿಯಬಹುದೆಂದು ಹೇಳಲಾಗದು ಎಂದು ವೈದ್ಯರು ತಿಳಿಸಿದರು. ಮಂಚದ ಮೇಲಿದ್ದವರು ಒಂಬತ್ತು ವರ್ಷಗಳಿಂದ ಮಾಡುತ್ತಿರುವುದು ನೀರಿಗೆ ಇಳಿಯುವ ಆ ಕೆಲಸವೊಂದೇ. ಏನು ಮಾಡಲಿ ಹೇಳಿ ಎಂದು ಅವರನ್ನು ಕೇಳಿದೆ. "ನಾನು ಕಳ್ಳ ಅಲ್ಲ ಅಂತ ಮಗೂಗೆ ಹೇಳಿದ್ರಾ?" ಎಂದು ಕೇಳಿದರು. ಹೇಳಿಲ್ಲ ಎಂದೆ. ಅವರು ಗೋಡೆಯ ಕಡೆಗೆ ತಿರುಗಿ ಮಲಗಿದರು.

ಆಸ್ಪತ್ರೆಯಿಂದ ನಡೆದುಕೊಂಡೇ ಬಂದೆವು. ದಾರಿಯಲ್ಲಿ ಚಿಕ್ಕವಳು ಒಂದು ಚರಂಡಿ ಮುಚ್ಚಳದ ಹತ್ತಿರ ನಿಂತಳು. ನಾನೂ ನಿಂತೆ. ಎಷ್ಟು ಹೊತ್ತು ಎಂದು ನೋಡಲಿಲ್ಲ, ಆದ್ದರಿಂದ ಬರೆಸಲಾರೆ. ಠಾಣೆಯ ಮೆಟ್ಟಿಲ ಮೇಲೆ ಅವಳ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ನೀರು ಮಾಮ ಕಳ್ಳ ಅಲ್ಲ, ತಪ್ಪು ಮಾಡಿದ್ದು ನಾನು ಎಂದು ಹೇಳಿದೆ. ಅವಳು, "ನಂಗೊತ್ತು. ನೀನು ನನ್ನ ಕೇಳ್ಲೇ ಇಲ್ಲ" ಎಂದಳು. ಆಮೇಲೆ, "ನೀನು ಹೂಂ ಅಂದ್ರೆ ಏಣಿ ತೋರಿಸ್ತೀನಿ ಅಂದಿದ್ರು. ಹೂಂ ಅನ್ನು ಮಾವ" ಎಂದಳು.

ಅವರ ಮೇಲಿನ ಪ್ರಕರಣ ಕೈಬಿಟ್ಟು, ಹೊಡೆದದ್ದಕ್ಕೂ ಸುಳ್ಳು ದೂರು ಕೊಟ್ಟಿದ್ದಕ್ಕೂ ನನ್ನ ಮೇಲೆ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ. ಮಕ್ಕಳ ತಾಯಿ ಮಧ್ಯಾಹ್ನ 4:20ರ ಬಸ್ಸಿಗೆ ಬರುತ್ತಾಳೆ. ಅಲ್ಲಿಯವರೆಗೆ ಮಕ್ಕಳು ಠಾಣೆಯ ಬೆಂಚಿನ ಮೇಲೆ ಇರಲು ಅವಕಾಶ ಕೊಡಬೇಕು.

ನಮ್ಮ ರಿಜಿಸ್ಟರಿನಲ್ಲಿ ತಡವಾಗಿ ಬಂದ ಬಸ್ಸನ್ನೂ ಬರೆದುಕೊಳ್ಳಲೇಬೇಕು. ಅದರಂತೆ ಇದನ್ನೂ ಬರೆದುಕೊಳ್ಳಿ: ನಾನು ಹೂಂ ಎಂದೆ. ಆಗ ಸಮಯ 9 ಗಂಟೆ 20 ನಿಮಿಷ. ನಿನ್ನೆ 12:16ಕ್ಕೇ ಅನ್ನಬೇಕಿತ್ತು, ಇಪ್ಪತ್ತೊಂದು ಗಂಟೆ ನಾಲ್ಕು ನಿಮಿಷ ತಡ.

ಈ ಹೇಳಿಕೆಯನ್ನು ರೈಟರ್ ಸಾಹೇಬರು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ನಿಜ. ಇದರಲ್ಲಿರುವ ಯಾವ ವೇಳೆಯನ್ನೂ ತಿದ್ದಿಲ್ಲ.

ಸ್ಥಳ: ಉದ್ಯಾನ ಪೊಲೀಸ್ ಠಾಣೆ
ದಿನಾಂಕ: ಘಟನೆಯ ಮರುದಿನ, ಬೆಳಿಗ್ಗೆ 10 ಗಂಟೆ 48 ನಿಮಿಷ
ಸಹಿ: (ಟೈಂ ಕೀಪರ್, ಮಕ್ಕಳ ಸೋದರಮಾವ)